ಕುಸ್ವಾರ್ ಡಬ್ಬಿಯೊಳಗೆ ಚೀಟಿ ಇಡಬೇಡಿ

ನಮ್ಮ ಇಗರ್ಜಿಯ (ಚರ್ಚಿನ) ವಾರ್ಡ್ ಕೂಟದಲ್ಲಿ ಆಗಾಗ ಒಂದು ಪ್ರಶ್ನೆ ಬರುತ್ತದೆ, ನೆರೆಕರೆಯವರಿಗೆ ಯೇಸುವಿನ ಬಗ್ಗೆ ಹೇಗೆ ಹೇಳುವುದು ಅಂತ. ನಾನು ಪ್ರವಚನ ಮಾಡುವವಳಲ್ಲ. ಮಂಗಳೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮ ಪಕ್ಕದಲ್ಲಿ ಭಟ್ರ ಮನೆ, ಎದುರಿಗೆ ಒಂದು ಬ್ಯಾರಿ ಕುಟುಂಬ, ಅಂದರೆ ಕರಾವಳಿಯ ಮುಸ್ಲಿಮರು. ಇವರ ನಡುವೆ ಇದ್ದುಕೊಂಡು ನಾನು ಏನು ಮಾಡುತ್ತೇನೋ ಅಷ್ಟನ್ನೇ ಬರೆಯುತ್ತೇನೆ.

ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಹಂಚುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿ, ಮೇಲೊಂದು ತುಂಡು ಕೇಕ್ ಇಟ್ಟು ಮಕ್ಕಳ ಕೈಯಲ್ಲಿ ಕಳಿಸಿಬಿಡುತ್ತಾರೆ. ಆದರೆ ಕೇಕ್‌ಗೆ ಮೊಟ್ಟೆ ಹಾಕಿರುತ್ತೇವೆ, ಅಚ್ಚಿನಲ್ಲಿ ಕರಿಯುವ ಹೂವಿನಂಥ ಕೊಕ್ಕಿಸಾಂಗೂ ಹಾಕುತ್ತೇವೆ. ಭಟ್ರ ಮನೆಯವರು ಅದನ್ನು ಹೇಗೆ ತಿನ್ನಬೇಕು? ಬೇಡ ಅನ್ನಲು ಸಂಕೋಚ, ನಗುತ್ತಾ ತಗೊಳ್ಳುತ್ತಾರೆ, ಆಮೇಲೆ ಅದು ಯಾರಿಗೋ ಹೋಗುತ್ತದೆ. ಬ್ಯಾರಿ ಮನೆಗೆ ಮೊಟ್ಟೆ ತೊಂದರೆ ಇಲ್ಲ, ಆದರೆ ನಮ್ಮ ಕೇಕಿನ ದ್ರಾಕ್ಷಿ ರಮ್‌ನಲ್ಲಿ ನೆನೆದದ್ದು. ಹಾಗಾಗಿ ನಾನು ಬಾಣಲೆಗೆ ಹೊಸ ಎಣ್ಣೆ ಹೊಯ್ದ ಕೂಡಲೇ ಮೊದಲು ಕರ್ಜಿಕಾಯಿಯಂಥ ನೆವ್ರಿ ಕರಿಯುತ್ತೇನೆ, ಅದರ ಹಿಂದೆಯೇ ಸಣ್ಣ ಉಂಡೆಗಳಂಥ ಗುಳಿಯೊ. ನೆವ್ರಿಯೊಳಗೆ ಎಳ್ಳು, ಕಾಯಿ, ಸಕ್ಕರೆ, ಏಲಕ್ಕಿ, ಗುಳಿಯೊಗೆ ಅಕ್ಕಿಹಿಟ್ಟು, ತೆಂಗಿನ ಹಾಲು. ಎರಡಕ್ಕೂ ಮೊಟ್ಟೆ ಬೇಡ. ಅದು ತಣಿದ ಮೇಲೆ ಬೇರೆ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿಟ್ಟು, ಮೊಟ್ಟೆ ಒಡೆಯುವುದೆಲ್ಲ ಆಮೇಲೆ. ಇಷ್ಟೂ ಮಾಡಿದರೂ ಅದನ್ನು ತಿನ್ನುವುದು ಭಟ್ರ ಮನೆಯ ಸೊಸೆ, ಮಕ್ಕಳು ಮಾತ್ರ. ಭಟ್ರ ಹೆಂಡತಿ, ನಾನು ಅಮ್ಮ ಅನ್ನುವವರು, ಹೊರಗೆ ಮಾಡಿದ್ದು ಏನನ್ನೂ ಮುಟ್ಟುವುದಿಲ್ಲ. ಅವರಿಗೆ ಹಿತ್ತಲಿನ ಗುಜ್ಜೆಯೋ (ಎಳೆ ಹಲಸು) ಮುಳ್ಳುಸೌತೆಯೋ ಕೊಡುತ್ತೇನೆ. ಇದರಲ್ಲಿ ನನಗೆ ಬೇಜಾರೇನೂ ಇಲ್ಲ.

ಡಬ್ಬಿಯ ಜೊತೆ ಬೈಬಲ್ ವಚನದ ಚೀಟಿ ಇಡಬಾರದಾ ಅಂತ ಕೂಟದಲ್ಲಿ ಕೇಳಿದವರಿದ್ದಾರೆ. ನಾನು ಇಡುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಆಮಿಷ ಒಡ್ಡಿ ಮತಾಂತರ ಮಾಡುವುದನ್ನು ತಡೆಯುವ ಕಾಯ್ದೆ ಬಂತು, ಆಮಿಷ ಅನ್ನುವುದರೊಳಗೆ ಅದು ಉಡುಗೊರೆಯನ್ನೂ ಸೇರಿಸಿದೆ. ಅದು ಬಂದ ಮೇಲೆ ತಿಂಡಿ ಕೊಡಲೂ ಹೆದರುವವರು ಇದ್ದಾರೆ. ನನ್ನ ಕಾರಣ ಕಾಯ್ದೆ ಅಲ್ಲ. ಚೀಟಿ ಇಟ್ಟ ಕೂಡಲೇ ನೆವ್ರಿಗೆ ಒಂದು ಬೆಲೆ ಬಂದುಬಿಡುತ್ತದೆ, ತಿಂದವರು ಅದನ್ನು ಓದಬೇಕು, ಓದದಿದ್ದರೆ ನನ್ನ ಮುಖ ನೋಡಲು ಅವರಿಗೆ ಒಂಥರಾ. ಲೂಕನ ಶುಭಸಂದೇಶದ 10ನೇ ಅಧ್ಯಾಯ ತೆಗೆದು ನೋಡಿ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಆ ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಹಾಕುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ಇಡೀ ಕಥೆಯಲ್ಲಿ ಅವನು ಆಡುವ ಮಾತು ಛತ್ರದವನ ಹತ್ತಿರ ಮಾತ್ರ, ಅದೂ ಆರೈಕೆ, ಖರ್ಚಿನ ಬಗ್ಗೆ. ಪೆಟ್ಟು ತಿಂದವನಿಗೆ ಅವನು ಒಂದು ಬುದ್ಧಿಮಾತೂ ಹೇಳಿದ್ದು ಅಲ್ಲಿ ಬರೆದಿಲ್ಲ.

ಹಾಗಂತ ಬಾಯಿ ಮುಚ್ಚಿಕೊಂಡೇ ಇರುವವಳೂ ಅಲ್ಲ ನಾನು. ಕೇಳಿದರೆ ಹೇಳುತ್ತೇನೆ.

ಒಂದು ರಾತ್ರಿ ಭಟ್ರು ಬಚ್ಚಲಲ್ಲಿ ಜಾರಿ ಬಿದ್ದರು. ಮಗ ಸೊಸೆ ಊರಲ್ಲಿರಲಿಲ್ಲ. ಎದುರು ಮನೆಯ ಹುಡುಗ ಕಾರು ತೆಗೆದ, ನಾನು ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಕೂತೆ. ಸುಮ್ನೆ ಕೂತಿದ್ದೆವು ಅಷ್ಟೇ. ಅಮ್ಮ ಅವರ ಸಣ್ಣಂದಿನ ಸುದ್ದಿ ತೆಗೆದರು, ಜ್ವರ ಬಂದರೆ ಅವರ ಅಪ್ಪ ಮಂಗಳೂರಿನ ಕಂಕನಾಡಿಯಿಂದ ಪಾದ್ರಿಗಳ ಹೋಮಿಯೋಪತಿ ಗುಳಿಗೆ ತರುತ್ತಿದ್ದರಂತೆ. (ಫಾದರ್ ಮುಲ್ಲರ್ ಅಲ್ಲಿ ಮದ್ದು ಕೊಡಲು ಶುರು ಮಾಡಿದ್ದು 1880ರಲ್ಲಿ. ಆ ಗುಳಿಗೆ ನಮ್ಮೂರಲ್ಲಿ ಎಷ್ಟು ಮನೆ ಹೊಕ್ಕಿದೆಯೋ!) ಹೀಗೆ ಮಾತಾಡುತ್ತಾ ಅಮ್ಮ ಕೇಳಿದರು, "ಬಾಯಮ್ಮ, ನಿದ್ದೆಗೆಟ್ಟು ಇಲ್ಲಿ ಕೂತದ್ದಕ್ಕೆ ನಿಮಗೆ ಎಂತ ಸಿಗ್ತದೆ?"

"ಸಿಗುದು ಎಂತ ಇಲ್ಲ ಅಮ್ಮ. ಯೇಸು ನನಗೆ ತುಂಬ ಮಾಡಿದ್ದಾನೆ" ಅಂದೆ.

ಅಲ್ಲಿಗೆ ನಿಲ್ಲಿಸಿದೆ. ಗಂಡ ಒಳಗೆ ಮಲಗಿರುವಾಗ ಒಬ್ಬ ಹೆಂಗಸಿಗೆ ಅದಕ್ಕಿಂತ ಜಾಸ್ತಿ ಹೇಳುವುದು ತಪ್ಪು ಅಂತ ನನ್ನ ಅಭಿಪ್ರಾಯ, ಅವರು ಎದ್ದು ಹೋಗುವ ಹಾಗಿರಲಿಲ್ಲವಲ್ಲ. ಭಟ್ರು ಗುಣವಾಗಿ ಮನೆಗೆ ಬಂದು ಎಷ್ಟೋ ಸಮಯದ ಮೇಲೆ, ಬಾವಿಕಟ್ಟೆಯ ಹತ್ತಿರ ಅಮ್ಮನೇ ಕೇಳಿದರು, "ಅವ ನಿಮಗೆ ಎಂತ ಮಾಡಿದ್ದು?" ಆಗ ಹೇಳಿದೆ. ನನ್ನವರು ಗಲ್ಫಿನ ಕೆಲಸ ಹೋಗಿ ವಾಪಸ್ ಬಂದದ್ದು, ಸಾಲ, ನಾನು ಯಾರ ಹತ್ತಿರವೂ ಮಾತಾಡದೆ ಕೂತ ದಿನಗಳು, ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗ ಮಾತ್ರ ಉಸಿರು ಬಂದ ಹಾಗೆ ಆಗುತ್ತಿದ್ದದ್ದು. ನನ್ನ ಕಥೆ ಮಾತ್ರ ಹೇಳಿದೆ, ಅವರ ದೇವರ ಬಗ್ಗೆ ಒಂದಕ್ಷರ ಇಲ್ಲ. ಪ್ರಾರ್ಥನೆಯೂ ಹಾಗೇ. ಕಷ್ಟ ಹೇಳಿಕೊಂಡವರಿಗೆ "ಸಂಜೆ ನಿಮ್ಮ ಹೆಸರು ಹೇಳಿ ಬೇಡಿಕೊಳ್ಳಲಾ?" ಅಂತ ಕೇಳುತ್ತೇನೆ. ಹೂಂ ಅಂದರೆ ನಮ್ಮ ಮನೆಯಲ್ಲಿ ಬೇಡಿಕೊಳ್ಳುತ್ತೇನೆ. ಅವರ ಚಾವಡಿಯಲ್ಲಿ ನಿಂತು ತಲೆ ಮೇಲೆ ಕೈ ಇಡಲು ಹೋಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಕೂಟದಲ್ಲಿ ಯಾರೂ ಹೇಳುವುದಿಲ್ಲ. ನಾನು ಕೊಟ್ಟದ್ದಕ್ಕಿಂತ ಅವರಿಂದ ತಗೊಂಡಾಗಲೇ ಮಾತು ಜಾಸ್ತಿ ಬೆಳೆದದ್ದು. ಮೊಣಕಾಲಿನ ಆಪರೇಷನ್ ಆಗಿ ನಾನು ಮಲಗಿದ್ದಾಗ ಭಟ್ರ ಮನೆಯಿಂದ ದಿನಾ ಗಂಜಿ, ಮಿಡಿ ಉಪ್ಪಿನಕಾಯಿ ಬರುತ್ತಿತ್ತು. ನಮ್ಮ ಬೆಕ್ಕಿಗೆ ಮಾತ್ರ ಅಲ್ಲಿಂದ ಏನೂ ಇಲ್ಲ, ಅದಕ್ಕೆ ಎದುರು ಮನೆಯ ಹುಡುಗ ಬೂತಾಯಿ ಮೀನಿನ ತಲೆ ತಂದು ಹಾಕುತ್ತಿದ್ದ! ಯಾವಾಗಲೂ ನಾವೇ ಕೊಡುತ್ತಾ ಇದ್ದರೆ ಎದುರಿನವರಿಗೆ ಋಣದ ಭಾರ, ನಮಗೆ ಒಳಗೊಳಗೇ ಜಂಬ. ಆ ದಿನಗಳಲ್ಲಿ ಅವರು ನಮ್ಮ ಅಡುಗೆಮನೆಯವರೆಗೆ ಬಂದರು, ಸಂಜೆ ತೇರ್ಸ್ ಕೇಳಿದರು, ನಾನು ಗಂಡನ ಮೇಲೆ ರೇಗುವುದನ್ನೂ ಕೇಳಿದರು. ಕೇಳಲಿ.

ಇಷ್ಟೆಲ್ಲ ಮಾಡಿ ಎಷ್ಟು ಜನ ಇಗರ್ಜಿಗೆ ಬಂದರು ಅಂತ ಒಬ್ಬರು ಕೇಳಿದ್ದರು. ಸೇರಲು ಯಾರೂ ಬರಲಿಲ್ಲ. ಮಗಳ ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ಎರಡೂ ಮನೆಯವರು ಬಂದು ತಲೆಗೆ ತೆಂಗಿನ ಹಾಲು ಹೊಯ್ದು ಹೋದರು, ಅಮ್ಮನೂ ಬಂದಿದ್ದರು. ಲೆಕ್ಕ ಇಡುವ ಕೆಲಸ ನನ್ನದಲ್ಲ.

ಫ್ಲ್ಯಾಟಿನಲ್ಲಿ ಇರುವವರು, ಪಕ್ಕದ ಬಾಗಿಲಿನವರ ಹೆಸರೂ ಗೊತ್ತಿಲ್ಲದವರು, ಎಲ್ಲಿಂದ ಶುರು ಮಾಡುವುದು ಅಂತ ಕೇಳುತ್ತಾರೆ. ತಿಂಡಿ ತಗೊಂಡು ಹೋಗಿ ಬೆಲ್ ಒತ್ತಬೇಡಿ, ಏನೋ ಮಾರಲು ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಮೊದಲು ನೀವೇ ಏನಾದರೂ ಕೇಳಿ. ಏಣಿ ಆಗಬಹುದು, ಸ್ಕ್ರೂಡ್ರೈವರ್ ಆಗಬಹುದು. ಕೆಲಸ ಮುಗಿದ ದಿನವೇ ಒರೆಸಿ ವಾಪಸ್ ಕೊಡಿ.