ಇಳಿಜಾರು ಸರಿ ಇತ್ತು, ಎಲೆಕ್ಟ್ರಾನ್‌ಗಳು ಕಾಣೆಯಾಗಿದ್ದವು

ಕಾಸ್ಮಿಕ್ ಕಿರಣಗಳ (ಬಾಹ್ಯಾಕಾಶದಲ್ಲಿ ಭಾರೀ ವೇಗದಲ್ಲಿ ಓಡುವ ಕಣಗಳು) ಎಲೆಕ್ಟ್ರಾನ್‌ಗಳು ನಕ್ಷತ್ರಗಳ ನಡುವಿನ ಅನಿಲದಲ್ಲಿ ಹೇಗೆ ಸಾಗುತ್ತವೆ, ಎಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ ಅಂತ ಲೆಕ್ಕ ಹಾಕಲು ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸಿದ್ಧ ಪ್ರೋಗ್ರಾಂಗಳು ಇವೆ, ನಿಜ. ಆದರೆ ಕೈಯಾರೆ ಮಾಡದ ಹೊರತು ನನಗೆ ಯಾವುದೂ ತಲೆಗೆ ಹತ್ತುವುದಿಲ್ಲ.

ಸಾಗುವ ಭಾಗ ಬೇಗ ಮುಗಿಯಿತು. 5 ಮೈಕ್ರೋಗಾಸ್ (ಕಾಂತಕ್ಷೇತ್ರದ ಅಳತೆ) ಕಾಂತಕ್ಷೇತ್ರದಲ್ಲಿ 1 ಜಿಇವಿ (ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಎಲೆಕ್ಟ್ರಾನ್ ಸುತ್ತುವ ವೃತ್ತದ ತ್ರಿಜ್ಯ ಸುಮಾರು 67 ಲಕ್ಷ ಕಿಲೋಮೀಟರ್. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ, ಹೋಲಿಸಿ ನೋಡಿ. ಹೆಚ್ಚುಕಡಿಮೆ ಬೆಳಕಿನ ವೇಗ ಇದ್ದರೂ ಅದು ನೇರ ಹೋಗಲಾರದು. ಕ್ಷೇತ್ರದ ಏರುಪೇರಿಗೆ ಸಿಕ್ಕಿ ಅತ್ತಿತ್ತ ಅಲೆಯುತ್ತದೆ. ಹಾಗಾಗಿ ಡಿಫ್ಯೂಷನ್ (ಹರಡುವಿಕೆ) ಸಮೀಕರಣ ಸಾಕು.

ಶಕ್ತಿ ನಷ್ಟದ ಭಾಗದಲ್ಲೇ ನಾನು ಎಡವಿದ್ದು. ಕಡಿಮೆ ಶಕ್ತಿಯಲ್ಲಿ ಅನಿಲದ ಅಯಾನೀಕರಣ (ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವುದು) ಮುಖ್ಯ. ಕೆಲವು ನೂರು ಎಂಇವಿ (ಜಿಇವಿಯ ಸಾವಿರದ ಒಂದು ಭಾಗ) ದಾಟಿದರೆ ಬ್ರೆಮ್‌ಸ್ಟ್ರಾಲುಂಗ್ (ಪರಮಾಣುಗಳ ಹತ್ತಿರ ದಾರಿ ಬಾಗಿದಾಗ ವಿಕಿರಣ ಹೊರಬಿಡುವುದು) ಮೇಲುಗೈ. (ಎರಡೂ ಅನಿಲದ ಸಾಂದ್ರತೆಗೆ ತಕ್ಕಂತೆ ಏರುವುದರಿಂದ, ಅನಿಲದ ಮೋಡ ದಟ್ಟವಾದರೂ ಈ ಗಡಿ ಕದಲುವುದಿಲ್ಲ!) ಇನ್ನೂ ಮೇಲೆ ಸಿಂಕ್ರೋಟ್ರಾನ್ (ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ವಿಕಿರಣ ಹೊರಬಿಡುವುದು) ಮತ್ತು ಇನ್ವರ್ಸ್ ಕಾಂಪ್ಟನ್ (ಬೆಳಕಿನ ಕಣಗಳಿಗೆ ಡಿಕ್ಕಿ ಹೊಡೆದು ಶಕ್ತಿ ಕೊಡುವುದು). ಇವು ಶಕ್ತಿಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತವೆ: ಶಕ್ತಿ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು.

ಪರೀಕ್ಷೆಗೆ ಈ ಕೊನೆಯ ಎರಡನ್ನೇ ಇಟ್ಟುಕೊಂಡು, ಹರಡುವಿಕೆಯನ್ನು ತೆಗೆದುಹಾಕಿದೆ. ಇಳಿಜಾರು ಅಂದರೆ ಶಕ್ತಿ ಏರಿದಂತೆ ಎಲೆಕ್ಟ್ರಾನ್‌ಗಳ ಸಂಖ್ಯೆ ಎಷ್ಟು ಕಡಿದಾಗಿ ಇಳಿಯುತ್ತದೆ ಅನ್ನುವ ಘಾತ. 2.4 ಇಳಿಜಾರಿನ ಎಲೆಕ್ಟ್ರಾನ್‌ಗಳನ್ನು ಸತತವಾಗಿ ಸುರಿದರೆ ಕೊನೆಗೆ 3.4 ಬರಬೇಕು. ಬಂತು. ಖುಷಿಯಾಗಿ ಮುಂದೆ ಹೋದೆ. ಎರಡು ವಾರದ ಮೇಲೆ ನೋಡಿದರೆ ಎಲೆಕ್ಟ್ರಾನ್‌ಗಳ ಸಂಖ್ಯೆ ಬರಬೇಕಾದ್ದರಲ್ಲಿ ಬರೀ 41 ಶೇಕಡಾ.

ಕಾಂತಕ್ಷೇತ್ರವನ್ನು ಬೈದೆ, ಗ್ರಿಡ್ (ಲೆಕ್ಕ ಹಾಕುವ ಚೌಕಳಿ) ಇನ್ನೂ ಸಣ್ಣ ಸಣ್ಣದಾಗಿ ಮಾಡಿದೆ. ಏನೂ ಬದಲಾಗಲಿಲ್ಲ. ತಪ್ಪು ಒಂದೇ ಸಾಲಿನಲ್ಲಿತ್ತು: ನಷ್ಟದ ದರವನ್ನು ಡೆರಿವೇಟಿವ್‌ನ (ಶಕ್ತಿಯ ಜೊತೆ ಬದಲಾಗುವ ದರ) ಹೊರಗೆ ಇಟ್ಟಿದ್ದೆ. ಅದು ಒಳಗೆ, ಎಲೆಕ್ಟ್ರಾನ್ ಸಂಖ್ಯೆಯ ಜೊತೆ ಗುಣಿಸಿ ಇರಬೇಕು. ಹೊರಗಿದ್ದಾಗ ಎಲೆಕ್ಟ್ರಾನ್‌ಗಳು ಶಕ್ತಿ ಕಳೆದುಕೊಳ್ಳುವುದರ ಜೊತೆಗೆ ಸುಮ್ನೆ ಮಾಯವಾಗುತ್ತಿದ್ದವು. ಕಿಲಾಡಿತನ ಅಂದರೆ, ಆಗಲೂ ಇಳಿಜಾರು 3.4 ಬರುತ್ತದೆ. ಸಂಖ್ಯೆ ಮಾತ್ರ 1.4 ಭಾಗಿಸು 3.4ರಷ್ಟಕ್ಕೆ ಇಳಿಯುತ್ತದೆ. ನನ್ನ 41 ಶೇಕಡಾ ಅದೇ ಅಲ್ವಾ!

ಈಗ ಮೊದಲು ಮಾಡುವ ಪರೀಕ್ಷೆ ಬೇರೆ. ಹೊಸದಾಗಿ ಸುರಿಯುವುದನ್ನು ನಿಲ್ಲಿಸಿ, ಒಂದಷ್ಟು ಎಲೆಕ್ಟ್ರಾನ್‌ಗಳನ್ನು ತಣ್ಣಗಾಗಲು ಬಿಟ್ಟು, ತಲೆ ಎಣಿಸುತ್ತೇನೆ. ಎಷ್ಟು ಬಿಟ್ಟಿದ್ದೆನೋ ಅಷ್ಟೇ ಸಿಗಬೇಕು.

ಸರಿಪಡಿಸಿದ ಮೇಲೆ ಟಿಇವಿ (ಸಾವಿರ ಜಿಇವಿ) ಶಕ್ತಿಯ ಎಲೆಕ್ಟ್ರಾನ್ ಬಾಳುವ ಕಾಲ ಸುಮಾರು 3 ಲಕ್ಷ ವರ್ಷ ಬಂತು. ಅಷ್ಟರಲ್ಲಿ ಅದು ಹರಡುವುದು ಕೆಲವು ಸಾವಿರ ಜ್ಯೋತಿರ್ವರ್ಷ ಮಾತ್ರ. ಅಂದರೆ ಇಷ್ಟು ಶಕ್ತಿಯವು ನಮ್ಮನ್ನು ತಲುಪುವುದು ಹತ್ತಿರದ ಕೆಲವೇ ಮೂಲಗಳಿಂದ. ಎಲ್ಲೆಡೆ ಸಮನಾಗಿ ಸುರಿಯುವ ನನ್ನ ಮೂಲವನ್ನು ಕಿತ್ತುಹಾಕಿ, ಒಂದೊಂದೇ ಬಿಂದುವಾಗಿ ಇಡಲು ಶುರು ಮಾಡಿದ್ದೇನೆ.