ಕೊರೊನಾ ಕಾಲದ ಗೋಕರ್ಣ ಸೀಮೆ: ಜನರ ನಡುವೆ ಸಿಕ್ಕಿಕೊಳ್ಳದೆ ತಿರುಗಾಡಿದ ನನ್ನ ಅನುಭವ

ಬೀಚ್ ತುಂಬಾ ಜನ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾಗಿ ನೋಡಿ, ಮರಳಿನ ಮೇಲೆ ಜಾಗ ಇದ್ದೇ ಇರುತ್ತದೆ. ಜನ ಗುಂಪಾಗುವುದು ಪಾರ್ಕಿಂಗ್‌ನಲ್ಲಿ, ಟೀ ಅಂಗಡಿ ಮುಂದೆ, ಶೌಚಾಲಯದ ಸಾಲಿನಲ್ಲಿ, ಹೋಟೆಲ್ಲಿನ ತಿಂಡಿ ಹಾಲ್‌ನಲ್ಲಿ. ಇದು ಹೊಳೆದ ಮೇಲೆಯೇ ನನ್ನ ಪ್ಲಾನ್ ದಾರಿಗೆ ಬಂತು. 2020ರ ಅಕ್ಟೋಬರ್‌ನಿಂದ 2021ರ ಮಾರ್ಚ್‌ವರೆಗೆ, ಕೊರೊನಾದ ಮೊದಲ ಅಲೆ ತುದಿ ಮುಟ್ಟಿ ಇಳಿದು ಎರಡನೆಯದು ಏರುವ ತನಕ, ಬೆಂಗಳೂರಿಂದ ಕುಮಟಾ, ಗೋಕರ್ಣ, ಉಡುಪಿ ಕಡೆ ಆಗಾಗ ಹೋಗಿ ಬಂದೆವು. ಜೊತೆಗೆ ಹೆಂಡತಿ, ಎಪ್ಪತ್ತು ದಾಟಿದ ಅಮ್ಮ, ಇಬ್ಬರು ಮಕ್ಕಳು. 'ಈ ಟೈಮಲ್ಲಿ ಗೋಕರ್ಣನಾ? ತಲೆ ಕೆಟ್ಟಿದೆಯೇನಯ್ಯಾ?' ಅಂತ ಭಾವ ಫೋನಲ್ಲೇ ಬೈದರು. ಆಫೀಸಿನವರೂ ನಕ್ಕರು. ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದೃಷ್ಟವೂ ಇತ್ತು ಅನ್ನಿ, ಆದರೆ ಲೆಕ್ಕಾಚಾರ ಜಾಸ್ತಿ ಇತ್ತು.

ಕೈಕೊಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. 'ಯಾರಿಗೂ ಗೊತ್ತಿಲ್ಲದ ಬೀಚ್' ಹುಡುಕುವುದು ದಂಡ. ನಿಮಗೆ ವಿಡಿಯೊದಲ್ಲಿ ಸಿಕ್ಕಿದ್ದು ಇಡೀ ಬೆಂಗಳೂರಿಗೂ ಸಿಕ್ಕಿರುತ್ತದೆ. 2020ರಲ್ಲಿ ಗಾಂಧಿ ಜಯಂತಿ ಶುಕ್ರವಾರ ಬಂದಿತ್ತು, ಮೂರು ದಿನ ರಜೆ. ಹೆದ್ದಾರಿಯಿಂದ ಒಳಗಿರುವ ಸಣ್ಣ ಬೀಚೊಂದಕ್ಕೆ ಹೋದರೆ ಒಂದೇ ಕಾರು ಹಿಡಿಸುವ ರಸ್ತೆ, ಎರಡೂ ಕಡೆಯಿಂದ ಗಾಡಿಗಳು, ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಜಗಳ. ಸಣ್ಣ ಕೊಲ್ಲಿಗೆ ಐವತ್ತು ಜನ ಬಂದರೆ ಸಂತೆ. ಮಲ್ಪೆಯಂಥ ಉದ್ದದ ಬೀಚಿಗೆ ಐನೂರು ಜನ ಬಂದರೂ ಅರ್ಧ ಕಿಲೋಮೀಟರ್ ನಡೆದುಬಿಟ್ಟರೆ ನೀವೊಬ್ಬರೇ. ಅದೇ ತಿಂಗಳು ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ ಬೀಚಿಗೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ಇನ್ನು ಜನ ಅಲ್ಲಿಗೇ ನುಗ್ಗುತ್ತಾರೆ ಅಂತ ಪೇಪರಲ್ಲಿ ಓದಿದ ದಿನವೇ ಎರಡನ್ನೂ ನನ್ನ ಪಟ್ಟಿಯಿಂದ ತೆಗೆದೆ.

ಇನ್ನೊಂದು ರೆಸಾರ್ಟ್ ಪ್ರಯೋಗ. ದುಡ್ಡು ಜಾಸ್ತಿ ಕೊಟ್ಟರೆ ಜನ ಕಡಿಮೆ ಅಂತ ಎಲ್ಲರ ಲೆಕ್ಕ, ಅಲ್ವಾ? ಎರಡು ರಾತ್ರಿಗೆ ಹದಿನೆಂಟು ಸಾವಿರದ ಹತ್ತಿರ ಬಿತ್ತು. ಬಾಗಿಲಲ್ಲಿ ಜ್ವರ ನೋಡಿ, ಸ್ಯಾನಿಟೈಸರ್ ಕೊಟ್ಟು, ಬೆಳಗ್ಗೆ ಎಲ್ಲರನ್ನೂ ಕಿಟಕಿ ಮುಚ್ಚಿದ ಎಸಿ ಹಾಲಿಗೆ ತಿಂಡಿಗೆ ಕರೆದರು! ತಿನ್ನುವಾಗ ಮಾಸ್ಕ್ ಯಾರೂ ಹಾಕಲ್ಲ. ನಾವು ತಟ್ಟೆ ಹಿಡಿದು ಹೊರಗೆ ಬಂದೆವು. ಆಮೇಲೆ ರೆಸಾರ್ಟ್ ಕಡೆ ತಲೆ ಹಾಕಲಿಲ್ಲ.

ಕೆಲಸ ಮಾಡಿದ್ದು ವಾರದ ಗಡಿಯಾರ. ಗೋಕರ್ಣದಲ್ಲಿ ಒಂದು ಶನಿವಾರ ಸುಮ್ನೆ ಕೂತು ನೋಡಿದರೆ ಗೊತ್ತಾಗುತ್ತದೆ. ಬೆಳಗ್ಗೆ ಬೆಂಗಳೂರಿನ ರಾತ್ರಿ ಬಸ್ಸುಗಳು. ಹನ್ನೊಂದರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಾರುಗಳು. ಭಾನುವಾರ ಊಟ ಆದಮೇಲೆ ಊರು ಖಾಲಿಯಾಗುತ್ತದೆ. ಹಾಗಾಗಿ ನಾವು ಭಾನುವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು, ಅವರು ಹೊರಡುವಾಗ ಹೊನ್ನಾವರ ಸೇರುತ್ತಿದ್ದೆವು. ಗುರುವಾರ ವಾಪಸ್. ಮನೆಯಿಂದ ಕೆಲಸ ಹೇಗೂ ಇತ್ತು. ಮನೆ ಅಂದರೆ ಯಾವ ಮನೆ ಅಂತ ಮ್ಯಾನೇಜರ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದುಡ್ಡಿನಲ್ಲೂ ಇದೇ ಗೆದ್ದಿತು. ವಾರಾಂತ್ಯಕ್ಕೆ ಮೂರೂವರೆ ಸಾವಿರ ಹೇಳುವ ಹೋಂಸ್ಟೇ ಮನೆ ಸೋಮವಾರದಿಂದ ಸಾವಿರದ ಎಂಟುನೂರಕ್ಕೆ ಬರುತ್ತಿತ್ತು. ನಾಲ್ಕು ರಾತ್ರಿ ಒಟ್ಟಿಗೆ ಹಿಡಿದರೆ ಇನ್ನೂ ಇಳಿಸುತ್ತಿದ್ದರು. ಪೆಟ್ರೋಲಿಗೆ ಐದರಿಂದ ಆರು ಸಾವಿರ. ಊಟ ಮನೆಯವರೇ ಮಾಡಿ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ಇಡೀ ಮನೆ ನಿಮ್ಮದೇ ಆಗಿರಬೇಕು, ಅಷ್ಟು ನೋಡಿಕೊಳ್ಳಿ. ಪಕ್ಕದ ರೂಮಿಗೆ ಇನ್ನೊಂದು ಸಂಸಾರ ಬಂದರೆ ಬಾತ್‌ರೂಮ್, ನೀರಿನ ಕ್ಯಾನು ಎಲ್ಲ ಹಂಚಿಕೊಳ್ಳಬೇಕಾಗುತ್ತದೆ.

ದಿನದ ಗಡಿಯಾರ ಇನ್ನೂ ಸುಲಭ. ನಮ್ಮದು ಪಶ್ಚಿಮದ ಕಡಲು, ಸೂರ್ಯ ನೀರಿಗೆ ಇಳಿಯುವುದು ಸಂಜೆ. ಜನ ಬರುವುದೂ ಅದಕ್ಕೇ. ಡಿಸೆಂಬರ್‌ನಲ್ಲಿ ಆರೂಮುಕ್ಕಾಲರ ಸುಮಾರಿಗೆ ಬೆಳಗಾಗುತ್ತದೆ. ಬಿಸಿಲು ಬೆನ್ನ ಹಿಂದಿನ ಗುಡ್ಡ ಹತ್ತಿ ಬರುವಷ್ಟರಲ್ಲಿ ಮಕ್ಕಳು ಎರಡು ತಾಸು ಆಡಿ ಮುಗಿಸಿರುತ್ತಿದ್ದರು. ದಡದಿಂದ ಕೈರಂಪಣಿ ಮೀನುಬಲೆ ಎಳೆಯುವವರು ಬಿಟ್ಟರೆ ಬೇರೆ ಯಾರೂ ಇಲ್ಲ. ಒಂಬತ್ತಕ್ಕೆ ನಾವು ವಾಪಸ್, ಲ್ಯಾಪ್‌ಟಾಪ್ ಮುಂದೆ. ಸೂರ್ಯಾಸ್ತ ಬೇಕೇ ಬೇಕು ಅನ್ನುವವರು ಅಘನಾಶಿನಿ ದಂಡೆಗೋ ಶರಾವತಿ ದಂಡೆಗೋ ಹೋಗಿ ಕೂರಿ. ಬೆಳಕು ಅದೇ, ಜನ ಇಲ್ಲ.

ಉಬ್ಬರ ಇಳಿತವನ್ನೂ ಸೇರಿಸಿಕೊಂಡೆ. ಬೆಳಗ್ಗೆ ಇಳಿತ ಇರುವ ವಾರ ಆರಿಸಿದರೆ ಮರಳು ಅಗಲ, ಗಟ್ಟಿ. ಅಮ್ಮನಿಗೂ ನಡೆಯುವುದು ಸಲೀಸು, ಎದುರು ಯಾರಾದರೂ ಬಂದರೆ ದೂರ ಸರಿಯುವುದಕ್ಕೂ ಜಾಗ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಭಾನುವಾರದ ಹೊತ್ತು ನೋಡಿಕೊಂಡು ಗುರುವಾರದ ತನಕ ಲೆಕ್ಕ ಹಾಕಿಬಿಡಿ. ಹೊನ್ನಾವರಕ್ಕೂ ಕುಮಟಾಕ್ಕೂ ನಡುವೆ ಇಳಿತದಲ್ಲಿ ಮಾತ್ರ ಚೆನ್ನಾಗಿರುವ ಒಂದು ಜಾಗ ಇದೆ. ಹೆಸರು ಕೇಳಬೇಡಿ, ಹೇಳಲ್ಲ.

ಮಧ್ಯೆ ಒಂದು ಹುಚ್ಚೂ ಹಿಡಿಯಿತು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್, ಆರೇಳು ಸಾವಿರ ಕೊಟ್ಟು ತರಿಸಿದೆ. 'ಇದಕ್ಕೆ ವಾಷಿಂಗ್ ಮೆಷಿನ್ ರಿಪೇರಿ ಆಗ್ತಿತ್ತು' ಅಂತ ಹೆಂಡತಿ. ಆದರೆ ಮಜಾ ನೋಡಿ. ನಾವು ಬಿಟ್ಟ ಉಸಿರು ಒಳಗೇ ಎಷ್ಟು ಉಳಿದಿದೆ ಅಂತ ಅದು ತೋರಿಸುತ್ತದೆ. ಬೀಚಿನಲ್ಲಿ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಆಸುಪಾಸು. ಹೆದ್ದಾರಿ ಪಕ್ಕದ ಎಸಿ ಹೋಟೆಲ್‌ನಲ್ಲಿ 1,500 ದಾಟಿತು. ಎಲ್ಲಕ್ಕಿಂತ ಕೆಟ್ಟದ್ದು ನಮ್ಮದೇ ಕಾರು. ಕಿಟಕಿ ಏರಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದರೆ ಸ್ವಲ್ಪ ಹೊತ್ತಿಗೆ 2,500. ಆ ಬಟನ್ ತೆಗೆದು ಹಿಂದಿನ ಕಿಟಕಿ ಎರಡು ಬೆರಳಷ್ಟು ಇಳಿಸಿದರೆ ಸರ್ರನೆ ಕೆಳಗೆ. ಆಮೇಲೆ ಸಂಬಂಧಿಕರಿಗೆ ಲಿಫ್ಟ್ ಕೊಡುವುದನ್ನು ನಿಲ್ಲಿಸಿದೆ. ಅದಕ್ಕೂ ಬೈಸಿಕೊಂಡೆ.

ಮ್ಯಾಪಿನಲ್ಲಿ 'ಈಗ ಎಷ್ಟು ಜನ ಇದ್ದಾರೆ' ಅಂತ ನೋಡುವುದನ್ನೂ ಮಾಡಿದೆ. ಹೋಟೆಲ್‌ಗಳಿಗೆ ಪರವಾಗಿಲ್ಲ. ಬೀಚಿಗೆ ನಂಬಬೇಡಿ, ನೆಟ್‌ವರ್ಕ್ ಇಲ್ಲದ ಕಡೆ ಏನೂ ತೋರಿಸಲ್ಲ. ಅದಕ್ಕಿಂತ ಬೀಚ್ ಪಕ್ಕದ ಅಂಗಡಿಯವರಿಗೆ ಒಂದು ಫೋನ್ ಸಾಕು. ಮಂಗಳೂರಿಂದ ಗಡಿ ದಾಟಿ ಕೇರಳದ ಬೇಕಲ ಕೋಟೆಗೆ ಹೋಗುವ ಆಸೆ ಇತ್ತು, ಆದರೆ 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ ನೆಗೆಟಿವ್ ವರದಿ ಕಡ್ಡಾಯ ಮಾಡಿದರು. ಅರ್ಧ ದಿನದ ಸುತ್ತಾಟಕ್ಕೆ ಐದು ಮೂಗಿಗೆ ಕಡ್ಡಿ ಹಾಕಿಸುವುದೇ? ಬಿಟ್ಟೆ.

ದಾರಿಯಲ್ಲಿ ಶೌಚಾಲಯ ದೊಡ್ಡ ತಲೆನೋವು. ಟೋಲ್ ಹತ್ತಿರದ್ದನ್ನು ಮುಟ್ಟಲೇಬೇಡಿ. ಸಾಗರದ ಈಚೆಗೆ ನಮ್ಮದೊಂದು ಖಾಯಂ ಜಾಗ ಇದೆ, ಅದೂ ಗುಟ್ಟು. ಅಮ್ಮನ ದರ್ಶನದ ಹಠ ಇನ್ನೊಂದು. ವಾರದ ದಿನ ಅಂತ ಸೋಮವಾರ ಮಹಾಬಲೇಶ್ವರನ ಗುಡಿಗೆ ಹೋದರೆ ಕೆಟ್ಟಿರಿ, ಅದು ಶಿವನ ವಾರ. ಮಂಗಳವಾರ, ಬುಧವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. 2021ರಲ್ಲಿ ಶಿವರಾತ್ರಿ ಮಾರ್ಚ್ 11, ಗುರುವಾರ ಬಿದ್ದಿತ್ತು. ಆ ವಾರ ನಾವು ಗೋಕರ್ಣದ ಹೆಸರೂ ಎತ್ತದೆ ಮರವಂತೆ ಕಡೆ ಉಳಿದೆವು.

ಮೇ ತಿಂಗಳಿಗೂ ಒಂದು ಮನೆ ಹಿಡಿದು ಐದು ಸಾವಿರ ಮುಂಗಡ ಕೊಟ್ಟಿದ್ದೆ. ಏಪ್ರಿಲ್ 27ರಿಂದ ರಾಜ್ಯವೇ ಬಂದ್ ಆಯಿತು. ಮನೆಯವರು ಅರ್ಧ ವಾಪಸ್ ಕಳಿಸಿದರು, ಉಳಿದದ್ದನ್ನು ಮುಂದಿನ ಸಲಕ್ಕೆ ವಜಾ ಮಾಡಿಕೊಳ್ಳುತ್ತೇವೆ ಅಂದರು. ಮಳೆಗಾಲ ಕಳೆದ ಮೇಲೆ ಹೋದಾಗ ನೆನಪಿಟ್ಟುಕೊಂಡು ಬಾಡಿಗೆಯಲ್ಲಿ ಕಳೆದರು.