ಕಾಸರಗೋಡಿನ ಬಿಸಿಲಿಗೆ ಗಡಿಯಾರ ಹೊಂದಿಸಿದ್ದು

ಬದಿಯಡ್ಕ ಕಡೆಯ ಒಂದು ಅಡಿಕೆ ತೋಟದ ಮನೆ. ಮಾಡಿಗೆ ಸೋಲಾರ್ ಹಾಕಿದರೆ ಎಷ್ಟು ಯೂನಿಟ್ ಬಂದೀತು, ಬೆಳಗ್ಗೆ ಓಡುವ ಸ್ಪ್ರಿಂಕ್ಲರ್ ಪಂಪಿಗೆ ಅದರಲ್ಲಿ ಎಷ್ಟು ದಕ್ಕೀತು ಅಂತ ಲೆಕ್ಕ ಹಾಕಬೇಕಿತ್ತು. ನಾನು ಬಳಸುವುದು ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ ಉಚಿತವಾಗಿ ಕೊಟ್ಟ ಸ್ಯಾಮ್ ಸಾಫ್ಟ್‌ವೇರ್. ಪ್ಯಾನೆಲ್, ಇನ್ವರ್ಟರ್ ವಿವರ ತುಂಬುವುದು ಅದರಲ್ಲಿ ದೊಡ್ಡ ಕೆಲಸವೇ ಅಲ್ಲ. ಹೊತ್ತು ಹೋಗುವುದು ಹವಾಮಾನದ ಫೈಲಿನಲ್ಲಿ, ಅಂದರೆ ಆ ಜಾಗದ ಬಿಸಿಲು, ಉಷ್ಣತೆಯನ್ನು ಗಂಟೆಗೊಂದು ಸಾಲಿನಂತೆ ವರ್ಷವಿಡೀ ಬರೆದ ಪಟ್ಟಿಯಲ್ಲಿ.

ಮೊದಲು ನಾಸಾದ ಹವಾಮಾನ ಮಾಹಿತಿ ತಾಣ ಪವರ್ ನೋಡಿದೆ. ಅದರ ಬಿಸಿಲಿನ ಲೆಕ್ಕ ಒಂದು ಡಿಗ್ರಿಗೆ ಒಂದು ಚೌಕದ್ದು, ಅಂದರೆ ಸುಮಾರು ನೂರು ಕಿಲೋಮೀಟರಿಗೆ ಒಂದೇ ಬೆಲೆ. ನಮ್ಮ ಜಿಲ್ಲೆ ಸಮುದ್ರಕ್ಕೂ ಘಟ್ಟಕ್ಕೂ ನಡುವಿನ ಸಣ್ಣ ಪಟ್ಟಿ. ಅಷ್ಟು ದೊಡ್ಡ ಚೌಕದಲ್ಲಿ ಕುಂಬಳೆಯ ಕಡಲೂ ಘಟ್ಟದ ಮೋಡವೂ ಒಟ್ಟಿಗೇ ಕಲಸಿ ಹೋಗುತ್ತವೆ. ಹಾಗಾಗಿ ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್ ಹಿಡಿದೆ, ಉಪಗ್ರಹದ ಚಿತ್ರಗಳಿಂದ ಬಿಸಿಲಿನ ಲೆಕ್ಕ ಕೊಡುವ ತಾಣ ಅದು. ಅದರ ಚೌಕ ತುಂಬಾ ಚಿಕ್ಕದು. ಗಂಟೆ ಗಂಟೆಯ ಲೆಕ್ಕ 2005ರಿಂದ ಸಿಗುತ್ತದೆ.

ತಲೆನೋವು ಶುರುವಾಗುವುದು ಸಮಯದಲ್ಲಿ. ಪಿವಿಜಿಐಎಸ್ ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಫೈಲಿನ ತಲೆಯ ಸಾಲುಗಳಲ್ಲಿ, ಅಂದರೆ ಹೆಡರಿನಲ್ಲಿ, ಟೈಮ್ ಝೋನ್ ಸೊನ್ನೆ ಎಂದು ಬಿಟ್ಟರೂ ಸ್ಯಾಮ್ ಸೂರ್ಯನ ಜಾಗವನ್ನು ಸರಿಯಾಗಿಯೇ ಲೆಕ್ಕ ಹಾಕುತ್ತದೆ. ವರ್ಷದ ಒಟ್ಟು ಯೂನಿಟ್ ಕೆಡುವುದಿಲ್ಲ. ಆದರೆ ಪಂಪ್ ಓಡುವ ಹೊತ್ತನ್ನು ನಮ್ಮ ಗಡಿಯಾರದಲ್ಲಿ ಬರೆದಿರುತ್ತೇವೆ, ಅಲ್ವಾ? ಆಗ ಬೆಳಗ್ಗಿನ ಪಂಪಿಗೆ ಮಧ್ಯಾಹ್ನದ ಬಿಸಿಲು ಸಿಕ್ಕಿದ ಹಾಗೆ ತೋರಿಸುತ್ತದೆ. ಬರೀ ವರ್ಷದ ಮೊತ್ತ ನೋಡಿ 'ಸರಿ ಇದೆ' ಅನ್ನುವವರಿಗೆ ಇದು ಗೊತ್ತೇ ಆಗುವುದಿಲ್ಲ.

ನಾನು ಮಾಡಿದ್ದು ಹೀಗೆ. ಯುಟಿಸಿಯ 19:00 ಅಂದರೆ ಇಲ್ಲಿ ರಾತ್ರಿ 00:30. ಹಾಗಾಗಿ ಡಿಸೆಂಬರ್ 31ರ ಕೊನೆಯ ಐದು ಸಾಲು, 19ರಿಂದ 23ರವರೆಗಿನವು, ಕತ್ತರಿಸಿ ಜನವರಿ 1ರ ತಲೆಗೆ ಅಂಟಿಸಿದೆ. ಅವು ಹೇಗೂ ರಾತ್ರಿಯ ಸಾಲುಗಳು, ಬಿಸಿಲು ಸೊನ್ನೆ. ಆಮೇಲೆ ತಿಂಗಳು, ದಿನ, ಗಂಟೆಯ ಕಾಲಂಗಳನ್ನು ಹೊಸದಾಗಿ ತುಂಬಿ, ಮಿನಿಟ್ ಕಾಲಂನಲ್ಲಿ ಎಲ್ಲಾ ಕಡೆ 30, ಹೆಡರಿನಲ್ಲಿ ಟೈಮ್ ಝೋನ್ 5.5. ಅಧಿಕ ವರ್ಷವಾದರೆ ಫೆಬ್ರವರಿ 29 ತೆಗೆಯಬೇಕು. ಮೂರು ಹೆಡರ್ ಸಾಲುಗಳ ಕೆಳಗೆ ಸರಿಯಾಗಿ 8760 ಸಾಲು ಇರಬೇಕು.

ಸರಿಯಾಯಿತೋ ಇಲ್ಲವೋ ಅಂತ ಸೂರ್ಯನನ್ನೇ ಕೇಳಬಹುದು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವಿರುವುದು ಸುಮಾರು 75ರಲ್ಲಿ. ಡಿಗ್ರಿಗೆ 4 ನಿಮಿಷದ ಹಾಗೆ ನಮಗೆ ನಡುಹಗಲು ಸರಾಸರಿ 12:30ಕ್ಕೆ. ಫೆಬ್ರವರಿ ನಡುವಿನಲ್ಲಿ ಅದು 12:44ರ ಹತ್ತಿರ, ನವೆಂಬರ್ ಮೊದಲಲ್ಲಿ 12:14ರ ಹತ್ತಿರ. ಫೆಬ್ರವರಿಯ ಮೋಡವಿಲ್ಲದ ಒಂದು ದಿನ ಆರಿಸಿ ಗ್ರಾಫ್ ಹಾಕಿ. 12:44ರ ಎರಡೂ ಬದಿಗೆ ಗೆರೆ ಒಂದೇ ಹಾಗೆ ಇಳಿಯಬೇಕು. ಉಪಗ್ರಹ ಚಿತ್ರ ತೆಗೆಯುವುದು ಸರಿಯಾಗಿ ಗಂಟೆಗೇ ಅಂತೇನಿಲ್ಲ. ಗೆರೆಯ ನಡು 12:44ಕ್ಕಿಂತ ಹತ್ತು ನಿಮಿಷ ಮೊದಲೇ ಬಂದಿದ್ದರೆ ಮಿನಿಟ್ ಕಾಲಂನಲ್ಲಿ 30ರ ಬದಲು 40.

ಇನ್ನೊಂದು ಪರೀಕ್ಷೆ ಮೂರು ಬಿಸಿಲುಗಳದ್ದು. ಸಮತಲದ ಒಟ್ಟು ಬಿಸಿಲು ಜಿಎಚ್‌ಐ, ನೇರ ಬಿಸಿಲು ಡಿಎನ್‌ಐ, ಚದುರಿದ ಬೆಳಕು ಡಿಎಚ್‌ಐ. ನೇರ ಬಿಸಿಲನ್ನು ಸೂರ್ಯನ ಓರೆಗೆ ತಕ್ಕಂತೆ ಇಳಿಸಿ ಚದುರಿದ್ದನ್ನು ಕೂಡಿಸಿದರೆ ಒಟ್ಟು ಬರಬೇಕು. ಗಡಿಯಾರ ತಪ್ಪಿದ್ದರೆ ಬೆಳಗ್ಗೆ, ಸಂಜೆ ಇದು ಕೂಡಿ ಬರುವುದೇ ಇಲ್ಲ. ಚದುರಿದ್ದು ಒಟ್ಟಿಗಿಂತ ಜಾಸ್ತಿ ಇದ್ದರೂ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಉಷ್ಣತೆಯ ವಿಷಯ ಚಿಕ್ಕದು. ಚೌಕದ ಸರಾಸರಿ ಎತ್ತರ ನಿಮ್ಮ ಮನೆಗಿಂತ ಜಾಸ್ತಿ ಇದ್ದರೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಂತೆ ಸರಿಪಡಿಸಿ. ಪ್ಯಾನೆಲ್ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 0.4ರ ಆಸುಪಾಸು ಕಳೆದುಕೊಳ್ಳುತ್ತದೆ, ಅಷ್ಟೇ.

ತೋಟದ ಮನೆಯವರು ಸಂಬಂಧದಲ್ಲಿ ನನಗೆ ಭಾವ. ಅವರ ಪ್ರಶ್ನೆಯೇ ಬೇರೆ: "ವರ್ಷದ್ದು ಬಿಡು ಮಾರಾಯ, ಆಟಿಯಲ್ಲಿ ಎಷ್ಟು ಬಂದೀತು ಹೇಳು." ಆಟಿ ಅಂದರೆ ಜುಲೈ, ಆಗಸ್ಟ್ ಹೊತ್ತಿನ ಜೋರು ಮಳೆಯ ತಿಂಗಳು. ಇದಕ್ಕೆ ಟಿಎಂವೈ ಎಂಬ ಮಾದರಿ ವರ್ಷದ ಫೈಲ್ ಉತ್ತರ ಕೊಡುವುದಿಲ್ಲ. ಅದು ಬೇರೆ ಬೇರೆ ವರ್ಷಗಳಿಂದ ಒಂದೊಂದು ತಿಂಗಳು ಆರಿಸಿ ಹೊಲಿದ ವರ್ಷ. ಅದರ ಜುಲೈ ಯಾವುದೋ ಒಂದೇ ವರ್ಷದ ಜುಲೈ. ಅದಕ್ಕೇ 2005ರಿಂದ ಈಚಿನ ಎಲ್ಲಾ ಜುಲೈ, ಆಗಸ್ಟ್‌ಗಳನ್ನು ಬೇರೆ ಬೇರೆ ಓಡಿಸಿ, ತೀರಾ ಕಡಿಮೆಯದು ಯಾವುದು, ಜಾಸ್ತಿಯದು ಯಾವುದು ಅಂತ ಭಾವನ ಮುಂದೆ ಇಟ್ಟೆ.

ಅವರು ತಮ್ಮ ಮಳೆ ಡೈರಿ ತಂದರು. ನಮ್ಮ ಕಡೆ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದಿನವೂ ಬರೆಯುವ ಕೃಷಿಕರು ಕಮ್ಮಿಯಿಲ್ಲ. ಹೋಲಿಸಿದರೆ ಮಿಲಿಮೀಟರ್ ಲೆಕ್ಕ ಬಿಸಿಲಿಗೆ ಸರಿ ಹೊಂದಲಿಲ್ಲ, ರಾತ್ರಿ ಸುರಿದ ಮಳೆಯಿಂದ ಪ್ಯಾನೆಲಿಗೆ ನಷ್ಟವಿಲ್ಲವಲ್ಲ. ಮಳೆ ಬಂದ ದಿನಗಳ ಸಂಖ್ಯೆ ಮಾತ್ರ ಚೆನ್ನಾಗಿ ಹೊಂದಿತು. ಉಪಗ್ರಹದ ಲೆಕ್ಕದಲ್ಲಿ ಮಂಕಾಗಿದ್ದ ಜುಲೈಗಳಲ್ಲಿ ಡೈರಿಯಲ್ಲಿ ಖಾಲಿ ಸಾಲೇ ಇರಲಿಲ್ಲ. ಭಾವ ತೀರಾ ಕಡಿಮೆಯ ಜುಲೈಯನ್ನೇ ಹಿಡಿದು ಪ್ಯಾನೆಲ್ ಎಷ್ಟು ಬೇಕೆಂದು ನಿರ್ಧರಿಸಿದರು.